ಟೊಂಕದ ಎಲುಬು ಮುರಿದವರಿಗೆ ಹಾಸಿಗೆ ಹುಣ್ಣು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಬಿದ್ದು ಟೊಂಕ ಮುರಿದುಕೊಂಡ ಹಿರಿಯರ ಬಗ್ಗೆ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬಂದ ಪತ್ರಗಳಲ್ಲಿ ಆಪರೇಷನ್‌ಗಿಂತ ಹಾಸಿಗೆ ಹುಣ್ಣಿನ ಚಿಂತೆಯೇ ಹೆಚ್ಚು. ಹಾಗಾಗಿ ಈ ಸಲದ ಪುಟಗಳನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ. ಉತ್ತರಿಸಿದವರು ಮೂಳೆ ವಾರ್ಡಿನ ಶುಶ್ರೂಷೆ ಮತ್ತು ಗಾಯದ ಆರೈಕೆ ಬಲ್ಲವರು.

ನಮ್ಮವ್ವಗ 78 ವರ್ಷ. ಬಚ್ಚಲದಾಗ ಬಿದ್ದು ಟೊಂಕ ಮುರೀತು. ಕಲಬುರಗಿಗೆ ತಂದು ಸೇರಿಸಿದ ಮೂರನೇ ದಿನಕ್ಕ ಆಪರೇಷನ್ ಆಯ್ತು. ಮರುದಿನ ನೋಡಿದ್ರ ಬಾಲಮೂಳೆ ಮ್ಯಾಲ ಅಂಗೈ ಅಗಲ ಕಪ್ಪು ನೇರಳೆ ಕಲೆ. ಒಂದೇ ದಿನದಾಗ ಹಿಂಗ ಹ್ಯಾಂಗ ಆಗ್ತದ? ಆಪರೇಷನ್‌ದಾಗ ಏನರ ಸುಟ್ಟಿರಬಹುದಾ?
— ಆಳಂದ ತಾಲ್ಲೂಕಿನ ಓದುಗರು

ಡಾಕ್ಟರಿಗೆ ಇವತ್ತೇ ತೋರಿಸಿ. ಆದರೆ ಕಲೆಯ ಜಾಗ, ಬಣ್ಣ, ಅದು ಕಾಣಿಸಿಕೊಂಡ ದಿನ ಮೂರನ್ನೂ ಕೂಡಿಸಿ ನೋಡಿದರೆ ಇದು ಸುಟ್ಟ ಗಾಯಕ್ಕಿಂತ ಒತ್ತಡದಿಂದ ಆಳದಲ್ಲಿ ಮಾಂಸ ಸತ್ತಿರುವ ಗುರುತಿನಂತೆಯೇ ಕಾಣುತ್ತದೆ. ಅದು ಒಂದು ದಿನದಲ್ಲಿ ಆಗಿದ್ದಲ್ಲ. ಒತ್ತಡ ಬಿದ್ದ ಹೊತ್ತಿಗೂ ಚರ್ಮದ ಮೇಲೆ ಬಣ್ಣ ಏಳುವುದಕ್ಕೂ ನಡುವೆ ಸಾಮಾನ್ಯವಾಗಿ ಎರಡು ಮೂರು ದಿನ ಹಿಡಿಯುತ್ತದೆ. ಎಲುಬಿಗೆ ಅಂಟಿದ ಮಾಂಸ ಮೊದಲು ಸಾಯುತ್ತದೆ, ಚರ್ಮ ಕೊನೆಗೆ. ಆಪರೇಷನ್ ಆದ ಮರುದಿನ ಕಂಡ ಕಲೆ ಬಿದ್ದ ದಿನವೇ ಶುರುವಾಗಿರಬಹುದು.

ಆ ಮೊದಲ ದಿನದ ಗಂಟೆಗಳನ್ನು ಲೆಕ್ಕ ಹಾಕಿ ನೋಡಿ. ನಸುಕಿನಲ್ಲಿ ಬಿದ್ದವರು ಯಾರಾದರೂ ನೋಡುವ ತನಕ ಹಸಿ ಬಂಡೆಯ ಮೇಲೆ ಅಂಗಾತ ಬಿದ್ದಿರುತ್ತಾರೆ. ಆಮೇಲೆ ನಾಟಿ ಕಟ್ಟು ಕಟ್ಟಿಸುವುದೋ ಬೇಡವೋ ಎಂಬ ಮಾತುಕತೆ. ನಂತರ ಆಂಬುಲೆನ್ಸಿನ ಸ್ಟ್ರೆಚರ್, ತಾಲ್ಲೂಕು ಆಸ್ಪತ್ರೆಯ ಎಕ್ಸ್‌ರೇ ಮೇಜು, ಮತ್ತೆ ಗಾಡಿ, ದೊಡ್ಡ ಆಸ್ಪತ್ರೆಯ ಕ್ಯಾಜುವಾಲಿಟಿ ಟ್ರಾಲಿ, ಇನ್ನೊಂದು ಎಕ್ಸ್‌ರೇ. ವಾರ್ಡಿನ ಹಾಸಿಗೆ ಸಿಗುವ ಹೊತ್ತಿಗೆ ಹಲವು ಸಲ ಸಂಜೆಯಾಗಿರುತ್ತದೆ. ಅಷ್ಟೂ ಹೊತ್ತು ಮೈಭಾರ ಹೆಚ್ಚಾಗಿ ಬೀಳುವುದು ಎರಡು ಜಾಗದ ಮೇಲೆ: ಬಾಲಮೂಳೆ, ಹಿಮ್ಮಡಿ. ಚರ್ಮದ ಸೂಕ್ಷ್ಮ ರಕ್ತನಾಳಗಳು ಸುಮಾರು 32 ಮಿಲಿಮೀಟರ್ ಪಾದರಸದ ಒತ್ತಡಕ್ಕೇ ಮುಚ್ಚಿಕೊಳ್ಳಬಹುದು ಎಂಬುದು ಪಾಠಪುಸ್ತಕದ ಅಂಕಿ. ಗಟ್ಟಿ ಮೇಜಿನ ಮೇಲೆ ಎಲುಬಿನ ತುದಿಯಲ್ಲಿ ಅದಕ್ಕಿಂತ ಬಹಳ ಹೆಚ್ಚು ಬೀಳುತ್ತದೆ. ಆರೋಗ್ಯವಂತರು ನಿದ್ದೆಯಲ್ಲೂ ಮಗ್ಗಲು ಬದಲಿಸಿಕೊಳ್ಳುತ್ತಾರೆ. ಟೊಂಕ ಮುರಿದವರಿಗೆ ನೋವಿನಿಂದ ಒಂದು ಬೆರಳಷ್ಟು ಸರಿಯುವುದಕ್ಕೂ ಆಗುವುದಿಲ್ಲ. ನೋವು ಕೊಲ್ಲುವ ಇಂಜೆಕ್ಷನ್ ಬಿದ್ದ ಮೇಲೆ ಸರಿಯಬೇಕು ಅನ್ನಿಸುವುದೂ ಇಲ್ಲ. ಜೊತೆಗೆ ಒದ್ದೆ ಸೀರೆ, ತೆಳು ಚರ್ಮ, ಖಾಲಿ ಹೊಟ್ಟೆ.

ಆದ್ದರಿಂದ ಬಿದ್ದ ಗಳಿಗೆಯಿಂದಲೇ ಆರೈಕೆ ಶುರುವಾಗಬೇಕು. ಒದ್ದೆ ಬಟ್ಟೆ ಕೂಡಲೇ ಬಿಡಿಸಿ, ಬೇಕಾದರೆ ಕತ್ತರಿಸಿ ತೆಗೆಯಿರಿ. ಸ್ಟ್ರೆಚರ್ ಮೇಲೆ ಮಡಿಕೆ ಬೀಳದಂತೆ ದಪ್ಪ, ಮೆತ್ತನೆ ಹಾಸು ಹಾಕಿ. ಕೌದಿ ಹಾಸುವುದಾದರೆ ಗಂಟು, ದಪ್ಪ ಹೊಲಿಗೆ ಬಾಲಮೂಳೆಯ ಅಡಿಗೆ ಬರಬಾರದು. ಮೀನಖಂಡದ ಕೆಳಗೆ ಮಡಚಿದ ಟವೆಲ್ ಇಟ್ಟು ಹಿಮ್ಮಡಿಯನ್ನು ಎತ್ತಿಡಿ. ಟ್ರಾಲಿಯ ಮೇಲೆ ಕಾಯುವುದು ಉದ್ದವಾದರೆ ಹಾಸಿಗೆ ಇರುವ ಮಂಚ ಕೇಳಿ; ಅದು ಸಿಗುವ ತನಕ ಗಂಟೆಗೊಮ್ಮೆ ಸಿಸ್ಟರ್ ಸಹಾಯದಿಂದ ಒಂದು ಬದಿಗೆ ಸ್ವಲ್ಪ ಓರೆ ಮಾಡಿಸಿ.

ಆಪರೇಷನ್ ತಡವಾದಷ್ಟೂ ಹುಣ್ಣಿನ ಅಪಾಯ ಏರುತ್ತದೆ. ದಾಖಲಾದ ದಿನ ಅಥವಾ ಮರುದಿನ, ಹೆಚ್ಚೆಂದರೆ 48 ಗಂಟೆಯೊಳಗೆ ಆಪರೇಷನ್, ಅದರ ಮರುದಿನ ಹಿಡಿದು ನಿಲ್ಲಿಸುವುದು ಎಂಬುದು ಈಗ ಒಪ್ಪಿತವಾದ ಗುರಿ. ಸಕ್ಕರೆ, ಬಿಪಿ, ರಕ್ತ ತೆಳುವಾಗಿಸುವ ಮಾತ್ರೆಗಳಿಂದ ತಡವಾಗುವುದು ವೈದ್ಯರ ಲೆಕ್ಕ. ಆದರೆ ಅರ್ಧ ದಿನ, ಒಂದು ದಿನ ತಿನ್ನುವ ಇನ್ನೂ ಮೂರು ಕೆಲಸಗಳು ಮನೆಯವರ ಕೈಯಲ್ಲಿವೆ: ಆಯುಷ್ಮಾನ್ ಆರೋಗ್ಯ ಕರ್ನಾಟಕದ ಮಂಜೂರಾತಿಗೆ ಆಧಾರ್ ಮತ್ತು ರೇಷನ್ ಕಾರ್ಡು, ದಿನಾ ನುಂಗುವ ಮಾತ್ರೆಗಳ ಪಟ್ಟಿಗಳು, ರಕ್ತ ಕೊಡಲು ಒಬ್ಬರು. ಮೂರೂ ಮೊದಲ ದಿನವೇ ಆಸ್ಪತ್ರೆಯಲ್ಲಿರಲಿ. ಆಪರೇಷನ್ ಮುಂದಕ್ಕೆ ಹೋದರೆ "ಈಗ ಊಟ ಕೊಡಬಹುದಾ?" ಎಂದು ಕೂಡಲೇ ಕೇಳಿ. ಆಪರೇಷನ್‌ಗೆ ಮುಂಚೆ ಸಾಮಾನ್ಯವಾಗಿ ಗಟ್ಟಿ ಆಹಾರಕ್ಕೆ 6 ಗಂಟೆ, ಬರೀ ನೀರಿಗೆ 2 ಗಂಟೆ ಬಿಡುವು ಸಾಕು. ಮುಂದೂಡಿ ಮುಂದೂಡಿ ಎರಡು ದಿನ ಉಪವಾಸ ಕೆಡವುವುದು ಹುಣ್ಣಿಗೆ ದಾರಿ ಮಾಡಿಕೊಟ್ಟಂತೆ.

ನಿಮ್ಮ ಅವ್ವನ ಕಲೆಯ ಮೇಲೆ ಇನ್ನು ಭಾರವೇ ಬೀಳಬಾರದು. ತಿಕ್ಕಬೇಡಿ. ನೀರ್ಗುಳ್ಳೆ ಎದ್ದರೆ ಒಡೆಯಬೇಡಿ. ದಿನಾ ಒಂದೇ ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಕಲೆ ತಿಳಿಯಾಗಲೂಬಹುದು, ಒಂದೆರಡು ವಾರದಲ್ಲಿ ಬಾಯಿ ತೆರೆಯಲೂಬಹುದು. ಬಾಯಿ ತೆರೆದರೆ ಅದು ನಿಮ್ಮ ಆರೈಕೆಯ ತಪ್ಪು ಎಂದುಕೊಳ್ಳಬೇಡಿ. ಒಳಗಿನ ಪೆಟ್ಟು ಆಗಲೇ ಬಿದ್ದಾಗಿತ್ತು.

ಆಪರೇಷನ್ ಆಗುವವರೆಗೆ ಅಳ್ಳಾಡಿಸಬಾರದು, ಎಲುಬು ಸರಿಯುತ್ತದೆ ಎಂದು ಸಂಬಂಧಿಕರು ಹೇಳುತ್ತಾರೆ. ಸಿಸ್ಟರ್ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿ ಎನ್ನುತ್ತಾರೆ. ಯಾರ ಮಾತು ಕೇಳಬೇಕು? ಹೇಗೆ ಹೊರಳಿಸಬೇಕು?
— ಸುರಪುರದ ಓದುಗರು

ಸಿಸ್ಟರ್ ಮಾತು ಕೇಳಿ. ಮುರಿದ ಕಾಲನ್ನು ಮೈಯ ನೇರಕ್ಕೆ ಹಿಡಿದು, ಇಡೀ ದೇಹವನ್ನು ಒಟ್ಟಿಗೆ ಸ್ವಲ್ಪ ಓರೆ ಮಾಡಿದರೆ ಸಾಕು. ಪೂರ್ತಿ ಮಗ್ಗುಲಾಗಿಸುವುದು ಬೇಡ. ಪೂರ್ತಿ ಮಗ್ಗುಲಾದರೆ ಭಾರವೆಲ್ಲ ತೊಡೆಯ ಹೊರಬದಿಯ ಎಲುಬಿನ ಗಂಟಿನ ಮೇಲೆ ಬಿದ್ದು ಅಲ್ಲೊಂದು ಹುಣ್ಣು ಏಳುತ್ತದೆ. 30 ಡಿಗ್ರಿ ಓರೆ ಸರಿಯಾದ ಅಳತೆ.

ನೋವಿನ ಔಷಧ ಕೊಟ್ಟು ಅದು ಹಿಡಿಯಲು ಬಿಡಿ. ಇಂಜೆಕ್ಷನ್ ಆದರೆ ಅರ್ಧ ಗಂಟೆ, ಮಾತ್ರೆ ಆದರೆ ಮುಕ್ಕಾಲು ಗಂಟೆ. ಭುಜದಿಂದ ತೊಡೆಯ ನಡುವಿನ ತನಕ ಬರುವಂತೆ ಬೆಡ್‌ಶೀಟನ್ನು ಎರಡು ಮಡಿಕೆ ಮಾಡಿ ಮೈ ಕೆಳಗೆ ಮೊದಲೇ ಹಾಸಿರಿ. ಎರಡೂ ಬದಿಗೆ ಒಬ್ಬೊಬ್ಬರು ಅದರ ಅಂಚನ್ನು ಮೈ ಹತ್ತಿರದವರೆಗೆ ಸುತ್ತಿ ಬಿಗಿ ಹಿಡಿಯಲಿ. ಮೂರನೆಯವರು ಕಾಲು ಮಾತ್ರ ನೋಡಿಕೊಳ್ಳಲಿ: ಒಂದು ಕೈ ಮಂಡಿಯ ಕೆಳಗೆ, ಇನ್ನೊಂದು ಕಣಕಾಲಿನ ಕೆಳಗೆ, ಹಿರಿಯರ ಕಾಲಿನ ಹೆಬ್ಬೆರಳು ಆಕಾಶ ನೋಡುವಂತೆ. ತೊಡೆಗಳ ನಡುವೆ ದಿಂಬು ಇಡಿ. "ಒಂದು, ಎರಡು, ಮೂರು" ಎಂದು ಹಿರಿಯರಿಗೂ ಕೇಳುವಂತೆ ಎಣಿಸಿ. ಹೇಳದೆ ಎತ್ತಿದರೆ ಬೆದರಿ ಮೈ ಬಿಗಿ ಹಿಡಿಯುತ್ತಾರೆ, ನೋವು ಇಮ್ಮಡಿಯಾಗುತ್ತದೆ. ಮೊದಲು ಎತ್ತಿ, ಆಮೇಲೆ ಓರೆ ಮಾಡಿ. ಎಳೆಯಬಾರದು. ಎಳೆದಾಗ ಚರ್ಮ ಹಾಸಿಗೆಗೆ ಅಂಟಿ ನಿಲ್ಲುತ್ತದೆ, ಎಲುಬು ಮಾತ್ರ ಮುಂದೆ ಹೋಗುತ್ತದೆ, ನಡುವಿನ ರಕ್ತನಾಳ ತಿರುಚಿ ಹರಿಯುತ್ತದೆ. ಬೆನ್ನಿನ ಹಿಂದೆ ಭುಜದಿಂದ ಟೊಂಕದವರೆಗೆ ಉದ್ದಕ್ಕೆ ದಿಂಬು ಒತ್ತಿಡಿ. ದಿಂಬು ಜಾರಿದರೆ ಬಿಗಿಯಾಗಿ ಸುತ್ತಿದ ಕೌದಿ ಒಳ್ಳೆಯ ಆನಿಕೆ.

ಕೊನೆಗೆ ಕೈ ಹಾಕಿ ಪರೀಕ್ಷಿಸಿ. ಬಾಲಮೂಳೆಯ ಕೆಳಗೆ ಅಂಗೈ ಸಲೀಸಾಗಿ ಹೋಗಬೇಕು, ಕೆಳಬದಿಯ ತೊಡೆಗಂಟೂ ಹಾಸಿಗೆಗೆ ಒತ್ತಿರಬಾರದು. ಮೂತ್ರದ ಪೈಪ್, ಅದರ ಕ್ಲಿಪ್ಪು, ಸಲೈನ್ ನಳಿಗೆ, ಬಳೆ, ಮೊಬೈಲ್ ಚಾರ್ಜರ್ ಯಾವುದೂ ಮೈ ಕೆಳಗೆ ಉಳಿದಿರಬಾರದು. ತೊಡೆಯ ಕೆಳಗೆ ಸಿಕ್ಕಿದ ಮೂತ್ರದ ಪೈಪು ಒಂದೇ ರಾತ್ರಿಯಲ್ಲಿ ಪೈಪಿನಷ್ಟೇ ಅಗಲದ ಹುಣ್ಣು ಮಾಡಬಲ್ಲದು.

ಆಪರೇಷನ್‌ಗೆ ಮುಂಚೆ ಮುರಿದ ಬದಿಗೆ ಓರೆ ಮಾಡಲು ನೋವು ಬಿಡದಿದ್ದರೆ ಅಂಗಾತ ಮತ್ತು ಒಳ್ಳೆಯ ಬದಿ ಇವೆರಡನ್ನೇ ಸರದಿ ಮಾಡಿ. ಆಪರೇಷನ್ ನಂತರ ಯಾವ ಬದಿ, ಎಷ್ಟು ಎಂದು ಸರ್ಜನ್ ಹತ್ತಿರ ಕೇಳಿ. ಕೀಲಿನ ಗುಂಡು ಬದಲಿಸಿದ್ದರೆ ಕಾಲು ಕತ್ತರಿಯಾಗಿ ದಾಟಬಾರದು ಎಂಬಂಥ ನಿಯಮಗಳಿರುತ್ತವೆ. ಸಮಯವನ್ನು ಹಾಳೆಯಲ್ಲಿ ಬರೆದು ಮಂಚಕ್ಕೆ ಅಂಟಿಸಿ. ಕಾವಲಿಗೆ ಮಗ ಹೋಗಿ ಸೊಸೆ ಬಂದಾಗ, ಕೊನೆಯ ಸಲ ಯಾವ ಬದಿಗೆ ಮಲಗಿಸಿದ್ದು ಎಂಬುದು ಹಾಳೆ ಇಲ್ಲದಿದ್ದರೆ ಯಾರಿಗೂ ನೆನಪಿರುವುದಿಲ್ಲ.

ಇನ್ನೊಂದು ಮಾತು. ಮಂಚದ ತಲೆಭಾಗ ಎತ್ತಿ ಕೂರಿಸಿದರೆ ಹಿರಿಯರು ಮೆಲ್ಲಗೆ ಕೆಳಗೆ ಜಾರುತ್ತಾರೆ, ಬಾಲಮೂಳೆಯ ಚರ್ಮ ಮೇಲೆ ಉಳಿಯುತ್ತದೆ. ಊಟದ ಹೊತ್ತು ಬಿಟ್ಟರೆ ತಲೆಭಾಗ 30 ಡಿಗ್ರಿ ಮೀರದಿರಲಿ. ಎತ್ತುವಾಗ ಮೊದಲು ಮಂಡಿ ಭಾಗ, ಆಮೇಲೆ ತಲೆಭಾಗ. ಜಾರಿದವರನ್ನು ಕಂಕುಳಿಗೆ ಕೈ ಹಾಕಿ ಮೇಲೆಳೆಯಬೇಡಿ. ಅದೇ ಬೆಡ್‌ಶೀಟ್ ಹಿಡಿದು ಎತ್ತಿ, ಒಳ್ಳೆಯ ಕಾಲಿನಿಂದ ಅವರೂ ಒದೆಯಲಿ.

ಅಪ್ಪಗ 81. ಇಪ್ಪತ್ತು ವರ್ಷದಿಂದ ಶುಗರ್. ಕಾಲಿಗೆ ತೂಕ ಕಟ್ಟಿ ನಾಲ್ಕು ದಿನ ಮಲಗಿಸಿದ್ರು. ಈಗ ಹಿಮ್ಮಡಿ ಮ್ಯಾಲ ಕಪ್ಪು ಒಣ ಹಕ್ಕಳಿ ಕಟ್ಯಾದ. ನೋವು ಅನ್ನೂದಿಲ್ಲ. ಕೊಯ್ದು ತೆಗಸಬೇಕಾ?
— ಶಹಾಪುರದ ಓದುಗರು

ಅವಸರ ಬೇಡ. ಹಕ್ಕಳೆ ಒಣಗಿದ್ದು, ಗಟ್ಟಿಯಾಗಿ ಅಂಟಿದ್ದು, ಸುತ್ತ ಕೆಂಪು, ಊತ, ಕೀವು, ವಾಸನೆ ಏನೂ ಇಲ್ಲದಿದ್ದರೆ ಅದೇ ಒಳಗಿನ ಗಾಯಕ್ಕೆ ಮುಚ್ಚಳ. ಒಣಗಿಸಿಟ್ಟುಕೊಳ್ಳಿ, ನೆನೆಸಬೇಡಿ, ಕಿತ್ತಬೇಡಿ. ಅಂಚು ಮೆತ್ತಗಾದರೆ, ಒಸರಿದರೆ, ನಾತ ಬಂದರೆ ಆ ದಿನವೇ ಸರ್ಜನ್‌ಗೆ ತೋರಿಸಿ. ಪಾದದ ನಾಡಿ ಸಿಗುತ್ತದೆಯೇ ಎಂದು ಮುಂಚೆಯೇ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಯವರಲ್ಲಿ ಕಾಲಿಗೆ ರಕ್ತ ಕಡಿಮೆ ಹರಿಯುತ್ತಿದ್ದರೆ ಚಿಕಿತ್ಸೆಯ ದಾರಿಯೇ ಬೇರೆ.

ನೋವಿಲ್ಲ ಎಂಬುದು ಸಮಾಧಾನದ ಮಾತಲ್ಲ. ನರ ಮರಗಟ್ಟಿದ ಪಾದ ಸುಟ್ಟರೂ ಹೇಳುವುದಿಲ್ಲ. ತೊಡೆಯ ಬುಡಕ್ಕೆ ನರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಾಗಲೂ ಆ ಕಾಲನ್ನು ತಾವಾಗಿ ಸರಿಸಿಕೊಳ್ಳುವುದಿಲ್ಲ. ಕಾಲಿಗೆ ಪಟ್ಟಿ ಸುತ್ತಿ ತೂಕ ಇಳಿಬಿಡುವ ಪದ್ಧತಿಯಿಂದ ಟೊಂಕದ ಮುರಿತದಲ್ಲಿ ನೋವು ಕಡಿಮೆಯಾಗುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಬಲವಾದ ಆಧಾರ ಸಿಕ್ಕಿಲ್ಲ. ನಮ್ಮ ವಾರ್ಡುಗಳಲ್ಲಿ ರೂಢಿ ಇನ್ನೂ ಉಳಿದಿದೆ. ಕಟ್ಟಿದ್ದರೆ ದಿನಕ್ಕೆ ಎರಡು ಸಲ ಪಟ್ಟಿ ಬಿಚ್ಚಿ ಹಿಮ್ಮಡಿ, ಕಣಕಾಲಿನ ಗಂಟು ನೋಡಲು ಸಿಸ್ಟರ್‌ಗೆ ಹೇಳಿ. ಕಾಲು ತಿರುಗದಿರಲೆಂದು ಹಾಕುವ ಪ್ಲಾಸ್ಟರ್ ಬೂಟಿನ ಒಳಗೆ ಉರಿ ಎಂದರೆ ಅದನ್ನು ಹಟ ಎಂದುಕೊಳ್ಳದೆ ಬಿಚ್ಚಿಸಿ ನೋಡಿಸಿ.

ಇನ್ನೊಂದು ಹಿಮ್ಮಡಿಯನ್ನು ಈಗಲೇ ಕಾಪಾಡಿ. ದಿಂಬನ್ನು ಮಂಡಿ ಕೆಳಗಿನಿಂದ ಕಣಕಾಲಿನ ತನಕ ಉದ್ದಕ್ಕಿಡಿ, ಮಂಡಿ ತುಸು ಬಾಗಿರಲಿ, ಹಿಮ್ಮಡಿ ದಿಂಬಿನ ಆಚೆ ಗಾಳಿಯಲ್ಲಿರಲಿ. ಕೆಳಗೆ ಒಂದು ಕಾಗದ ಹಾಯಿಸಿದರೆ ತಡೆಯಿಲ್ಲದೆ ಹೋಗಬೇಕು. ದಿಂಬನ್ನು ಅಡ್ಡಕ್ಕೆ ಕಣಕಾಲಿನ ಹಿಂದೆ ಮಾತ್ರ ಇಟ್ಟರೆ ಅಲ್ಲಿನ ಸ್ನಾಯುಹುರಿಯ ಮೇಲೆ ಹೊಸ ಹುಣ್ಣು.

ಸ್ಪಿರಿಟ್ ಹಚ್ಚಿ ತಿಕ್ಕಿ ಪೌಡರ್ ಹಾಕುವುದು, ಕುಂಡಿ ಕೆಳಗೆ ಗಾಳಿ ತುಂಬಿದ ಟ್ಯೂಬ್ ಇಡುವುದು ಸರಿಯೇ?
— ಚಿತ್ತಾಪುರದ ಓದುಗರು

ಎರಡೂ ಬೇಡ. ಸ್ಪಿರಿಟ್ ಚರ್ಮವನ್ನು ಒಣಗಿಸಿ ಬಿರಿಯುವಂತೆ ಮಾಡುತ್ತದೆ. ಪೌಡರ್ ಬೆವರಲ್ಲಿ ಹಿಟ್ಟಿನಂತೆ ಕಲಸಿಕೊಂಡು ಉಜ್ಜುತ್ತದೆ. ಕೆಂಪಾದ ಜಾಗ ತಿಕ್ಕಿದರೆ ಒಳಗೆ ಸೋತ ರಕ್ತನಾಳ ಹರಿಯುತ್ತದೆ. ಟ್ಯೂಬಿನ ಅಂಚು ಸುತ್ತಲೂ ಒತ್ತಿ ನಡುವಿನ ಚರ್ಮಕ್ಕೆ ರಕ್ತ ಬರದಂತೆ ಕಟ್ಟು ಬಿಗಿದ ಹಾಗಾಗುತ್ತದೆ. ನೀರು ತುಂಬಿದ ಕೈಗವಸನ್ನು ಹಿಮ್ಮಡಿ ಕೆಳಗೆ ಇಡುವುದೂ ಉಪಯೋಗವಿಲ್ಲ. ಉಗುರುಬೆಚ್ಚಗಿನ ನೀರು, ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸುವುದು, ಒಣ ಚರ್ಮಕ್ಕೆ ತೆಳುವಾಗಿ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಸವರುವುದು, ಇಷ್ಟು ಸಾಕು.

ಬೀದರ್‌ನಲ್ಲಿ ಏರ್ ಬೆಡ್ ತಂದು ಹಾಕಿದ್ದೇವೆ. ಆದರೂ ಅಜ್ಜಿಯ ಬೆನ್ನು ಕೆಂಪಾಗಿದೆ. ಬೆಡ್ ಕೆಟ್ಟಿದೆಯೇ?
— ಬೀದರ್ ನಗರದ ಓದುಗರು

ಬೆಡ್ ಕೆಡುವುದಕ್ಕಿಂತ ತಪ್ಪಾಗಿ ಹಾಸುವುದೇ ಹೆಚ್ಚು. ಇದರೊಳಗೆ ಎರಡು ಸಾಲು ಗಾಳಿಗುಳ್ಳೆಗಳಿವೆ. ಪಂಪು ಒಂದು ಸಾಲು ತುಂಬಿಸಿ ಇನ್ನೊಂದನ್ನು ಇಳಿಸುತ್ತದೆ, ಸುಮಾರು ಹತ್ತು ನಿಮಿಷಕ್ಕೊಮ್ಮೆ ಅದಲುಬದಲು ಮಾಡುತ್ತದೆ. ಎರಡು ನಳಿಗೆಗಳಲ್ಲಿ ಒಂದು ಮಡಚಿಕೊಂಡರೂ ಅರ್ಧ ಹಾಸಿಗೆ ಸತ್ತಂತೆ.

ಮಂಚದ ಹಲಗೆಯ ಮೇಲೆ ನೇರವಾಗಿ ಹಾಸಬೇಡಿ, ಮಾಮೂಲಿ ಗಾದಿಯ ಮೇಲೆ ಹಾಸಿ. ಗುಳ್ಳೆ ಮೇಲ್ಮುಖವಾಗಿ, ಪಂಪು ಕಾಲಿನ ಕಡೆ. ಪೂರ್ತಿ ಉಬ್ಬಿದ ಮೇಲೆಯೇ ಮಲಗಿಸಿ. ಮೇಲೆ ಒಂದೇ ತೆಳು ಹತ್ತಿ ಬೆಡ್‌ಶೀಟ್, ಅದೂ ಬಿಗಿಯಾಗಿ ಸಿಗಿಸದೆ. ರೆಕ್ಸಿನ್, ಅದರ ಮೇಲೆ ಕೌದಿ, ಅದರ ಮೇಲೆ ಎರಡು ಚಾದರ್ ಹಾಕಿದರೆ ಗುಳ್ಳೆಯ ಏರಿಳಿತ ಅಜ್ಜಿಯ ಮೈಗೆ ತಲುಪುವುದೇ ಇಲ್ಲ. ಏಪ್ರಿಲ್, ಮೇ ಬಿಸಿಲಿಗೆ ಬೆವರು ಬೇರೆ ಕಟ್ಟಿಕೊಳ್ಳುತ್ತದೆ.

ಅಜ್ಜಿ ಅಂಗಾತ ಮಲಗಿರುವಾಗ ಏರ್ ಬೆಡ್ಡಿನ ಕೆಳಗೆ, ಬಾಲಮೂಳೆ ಇರುವ ಕಡೆ ಅಂಗೈ ಮೇಲೆ ಮಾಡಿ ಕೈ ತೂರಿಸಿ. ಕೈಗೂ ಎಲುಬಿಗೂ ನಡುವೆ ಕನಿಷ್ಠ ಒಂದು ಇಂಚು ಗಾಳಿಯ ದಪ್ಪ ಸಿಗಬೇಕು. ಎಲುಬು ನೇರ ಕೈಗೆ ತಾಗಿದರೆ ತೂಕದ ಗುಂಡಿ ಹೆಚ್ಚಿಸಿ. ಆಗಲೂ ತಾಗಿದರೆ ಸೋರುತ್ತಿದೆ. ತುಂಬಾ ಗಟ್ಟಿ ಮಾಡಿದರೂ ಹಲಗೆಯಂತೆ ಒತ್ತುತ್ತದೆ. ಸೀರೆಯ ಪಿನ್ನು ಹಾಸಿಗೆಯ ಮೇಲೆ ಬಾರದಿರಲಿ.

ಕರೆಂಟ್ ಹೋದಾಗ ಗಾಳಿ ಇಳಿಯುತ್ತದೆ. ಪಂಪು ಒಂದು ಎಲ್‌ಇಡಿ ಬಲ್ಬಿನಷ್ಟೇ ಕರೆಂಟ್ ತಿನ್ನುವುದರಿಂದ ಇನ್ವರ್ಟರ್ ಲೈನಿಗೆ ಹಾಕಿ. ಏರ್ ಬೆಡ್ ಇದೆ ಎಂದು ಮಗ್ಗಲು ಬದಲಿಸುವುದನ್ನು ಬಿಟ್ಟಿದ್ದರೆ ಕೆಂಪಿಗೆ ಅದೇ ಕಾರಣ ಇರಬಹುದು. ರಾತ್ರಿ ಅಂತರವನ್ನು ತುಸು ಹೆಚ್ಚಿಸಬಹುದು, ಅದೂ ಬೆಳಿಗ್ಗೆ ಚರ್ಮದ ಮೇಲೆ ಕಲೆ ಇಲ್ಲದಿದ್ದರೆ.

ನರ್ಸಿಂಗ್ ವಿದ್ಯಾರ್ಥಿನಿ ನಾನು. ಹಾಸಿಗೆ ಹುಣ್ಣಿನ ಅಪಾಯ ಅಳೆಯುವ ಬ್ರೇಡನ್ ಅಳತೆಯಲ್ಲಿ ಟೊಂಕ ಮುರಿದವರಿಗೆ ಅಂಕ ಹೇಗೆ ಹಾಕಬೇಕು? ಕಪ್ಪು ಮೈಬಣ್ಣದಲ್ಲಿ ಹುಣ್ಣಿನ ಮೊದಲ ಹಂತ ಗುರುತಿಸುವುದು ಕಷ್ಟವಾಗುತ್ತದೆ.
— ಯಾದಗಿರಿಯ ಓದುಗರು

ಆರು ಅಂಶ, ಒಟ್ಟು 6ರಿಂದ 23. ಅಂಕ ಕಡಿಮೆಯಾದಷ್ಟೂ ಅಪಾಯ ಹೆಚ್ಚು. 18 ಅಥವಾ ಕೆಳಗಿದ್ದರೆ ಅಪಾಯ ಇದೆ ಎಂದರ್ಥ, 12 ಅಥವಾ ಕೆಳಗೆ ಬಂದರೆ ಹೆಚ್ಚಿನ ಅಪಾಯ. ಆಪರೇಷನ್‌ಗೆ ಕಾದಿರುವ ಹಿರಿಯರನ್ನು ನೋಡಿ: ಸ್ಪರ್ಶಜ್ಞಾನ 3, ತೇವ 3, ಚಟುವಟಿಕೆ 1, ಚಲನೆ 2, ಪೋಷಣೆ 2, ಉಜ್ಜು ಮತ್ತು ಜಾರು 1. ಒಟ್ಟು 12. ನಿನ್ನೆ ಹೊಲಕ್ಕೆ ನಡೆದು ಹೋಗಿದ್ದವರು ಎಂದು ಚಟುವಟಿಕೆಗೆ 4 ಹಾಕುವುದು ಸಾಮಾನ್ಯ ತಪ್ಪು. ಇವತ್ತಿನ ಸ್ಥಿತಿಗೆ ಅಂಕ ಹಾಕಿ. ದಾಖಲಾದಾಗ, ಆಪರೇಷನ್ ಮುಗಿಸಿ ಬಂದಾಗ, ಆಮೇಲೆ ದಿನಾ. ಬರೆದ ಅಂಕಕ್ಕೆ ತಕ್ಕ ಕೆಲಸ ಅದೇ ಸರದಿಯಲ್ಲಿ ಶುರುವಾಗದಿದ್ದರೆ ಆ ಅಂಕದಿಂದ ರೋಗಿಗೆ ಏನೂ ಸಿಗಲಿಲ್ಲ.

ಕೆಂಪು ಹುಡುಕಬೇಡಿ. ನಮ್ಮ ಮೈಬಣ್ಣದಲ್ಲಿ ಅದು ನೇರಳೆ, ಬೂದಿಗಪ್ಪು, ಅಥವಾ ಬರೀ ಹೊಳಪಾಗಿ ಕಾಣುತ್ತದೆ. ಕಿಟಕಿ ಬೆಳಕಿನಲ್ಲಿ ನೋಡಿ. ಬೆರಳಿನ ಹಿಂಬದಿಯಿಂದ ಮುಟ್ಟಿ, ಎರಡೂ ಬದಿ ಹೋಲಿಸಿ: ಬಿಸಿ ಅಥವಾ ತಂಪು, ಗಟ್ಟಿ ಅಥವಾ ಮಾಗಿದ ಹಣ್ಣಿನಂತೆ ಮೆತ್ತಗೆ. ಮುಟ್ಟಿದಾಗ ನೋವೇ ಎಂದು ಕೇಳಿ. ಡೈಪರಿನ ತೇವದಿಂದಾದ ಗಾಯ ಮಡಿಕೆಗಳಲ್ಲಿ ಹರಡಿ, ಅಂಚು ಅಸ್ಪಷ್ಟವಾಗಿರುತ್ತದೆ. ಒತ್ತಡದ ಗಾಯ ಎಲುಬಿನ ಮೇಲೆ, ಸ್ಪಷ್ಟ ಅಂಚಿನೊಂದಿಗೆ. ಮೂಗಿನ ಆಕ್ಸಿಜನ್ ನಳಿಗೆ ಹಾದುಹೋಗುವ ಕಿವಿಯ ಹಿಂಭಾಗ, ಬಿಗಿ ಕಾಲುಚೀಲದೊಳಗಿನ ಹಿಮ್ಮಡಿ, ಹಿಂದಲೆ ಇವನ್ನೂ ನೋಡಲು ಮರೆಯಬೇಡಿ.

ನಾವು ಸಸ್ಯಾಹಾರಿಗಳು. ಆಪರೇಷನ್ ಆದಮೇಲೆ ಅತ್ತೆಗೆ ಗಂಜಿ ಮತ್ತು ಎಳನೀರು ಬಿಟ್ಟರೆ ಏನೂ ಹೋಗುತ್ತಿಲ್ಲ. ಹುಣ್ಣಿಗೂ ಊಟಕ್ಕೂ ಸಂಬಂಧ ಇದೆಯೇ?
— ಭಾಲ್ಕಿಯ ಓದುಗರು

ತುಂಬಾ ಇದೆ. ಗಂಜಿಯಲ್ಲಿ ಪ್ರೋಟೀನ್ ಬಹಳ ಕಡಿಮೆ, ಎಳನೀರಿನಲ್ಲಿ ಇಲ್ಲವೆನ್ನುವಷ್ಟು. ಹುಣ್ಣಿನ ಅಪಾಯ ಇರುವ ಹಿರಿಯರಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ 1.25ರಿಂದ 1.5 ಗ್ರಾಂ ಪ್ರೋಟೀನ್, 30ರಿಂದ 35 ಕ್ಯಾಲರಿ ಬೇಕು. 50 ಕಿಲೋ ತೂಕದವರಿಗೆ ಕನಿಷ್ಠ 62 ಗ್ರಾಂ.

ಅದನ್ನು ನಮ್ಮ ಅಡುಗೆಮನೆಯಲ್ಲೇ ಹೊಂದಿಸಬಹುದು. ಹಾಲು ದಿನಕ್ಕೆ ಒಟ್ಟು ಅರ್ಧ ಲೀಟರ್, ಎರಡು ಸಲಕ್ಕೆ ಹಂಚಿ: 16 ಗ್ರಾಂ. ಎರಡು ಜೋಳದ ರೊಟ್ಟಿ, ಒಂದಕ್ಕೆ 60 ಗ್ರಾಂ ಹಿಟ್ಟು: 12. ಗಟ್ಟಿ ತೊಗರಿಬೇಳೆ ಎರಡು ಬಟ್ಟಲು, ಒಟ್ಟು 60 ಗ್ರಾಂ ಒಣಬೇಳೆ: 13. ಶೇಂಗಾ ಹಿಂಡಿ, 30 ಗ್ರಾಂ ಶೇಂಗಾದ್ದು: 7. ಮೊಸರು ಒಂದು ಬಟ್ಟಲು: 5. ಪನೀರ್ 50 ಗ್ರಾಂ: 9. ಕೂಡಿದರೆ 62. ಹಲ್ಲಿಲ್ಲದಿದ್ದರೆ ರೊಟ್ಟಿ ಮುರಿದು ಬಿಸಿ ಬೇಳೆಯಲ್ಲಿ ನೆನೆಸಿ ಕಿವುಚಿ ಕೊಡಿ, ಶೇಂಗಾ ನುಣ್ಣಗೆ ಅರೆದಿರಲಿ. ಮೂರು ಹೊತ್ತಿನ ಬದಲು ಆರು ಸಲ ಸ್ವಲ್ಪ ಸ್ವಲ್ಪ. ಬೇಳೆಕಟ್ಟು ಮಾತ್ರ ಕುಡಿಸಿ ಗಟ್ಟಿ ಬೇಳೆಯನ್ನು ನೀವು ಉಂಡರೆ ಲೆಕ್ಕ ತಪ್ಪುತ್ತದೆ. ಉಣ್ಣಿಸುವಾಗ ನೆಟ್ಟಗೆ ಕೂರಿಸಿ. ಕಿಡ್ನಿ ತೊಂದರೆ ಇದ್ದರೆ ಈ ಪ್ರಮಾಣವನ್ನು ಮೊದಲು ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದರೆ ರೊಟ್ಟಿ, ಹಾಲಿನ ಹೊತ್ತನ್ನು ಇನ್ಸುಲಿನ್ ಜೊತೆ ಹೊಂದಿಸಿಕೊಳ್ಳಿ.

ಮನೆಗೆ ಕಳಿಸಿದ್ದಾರೆ. ಬಾಲಮೂಳೆ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ಗಾಯ ತೆರೆದಿದೆ. ದಿನಾ ಹೈಡ್ರೋಜನ್ ಪೆರಾಕ್ಸೈಡ್‌ನಿಂದ ತೊಳೆದು ಆ್ಯಂಟಿಬಯಾಟಿಕ್ ಪೌಡರ್ ಉದುರಿಸುತ್ತಿದ್ದೇವೆ. ಮಾಯುತ್ತಿಲ್ಲ.
— ಸೇಡಂನ ಓದುಗರು

ಎರಡನ್ನೂ ಇವತ್ತೇ ನಿಲ್ಲಿಸಿ. ನೊರೆ ಬಂದಾಗ ಗಾಯ ಸ್ವಚ್ಛವಾದಂತೆ ಕಾಣುತ್ತದೆ, ಆದರೆ ಹೊಸದಾಗಿ ಹುಟ್ಟುವ ಮಾಂಸವನ್ನೂ ಅದು ಸುಡುತ್ತದೆ. ಪೌಡರ್ ಗಟ್ಟಿಯಾಗಿ ಕೀವನ್ನು ಒಳಗೇ ಮುಚ್ಚುತ್ತದೆ. ನಾರ್ಮಲ್ ಸಲೈನ್ ಸುರಿದು ತೊಳೆಯಿರಿ. ತೆರೆದ ಬಾಟಲಿಯನ್ನು 24 ಗಂಟೆ ದಾಟಿ ಇಡಬೇಡಿ. ಸುತ್ತಲ ಚರ್ಮ ಒತ್ತಿ ಒಣಗಿಸಿ, ಗಾಯದ ತಳ ಮಾತ್ರ ಹಸಿಯಾಗಿರಲಿ. ಸ್ಪಂಜಿನಂಥ ಫೋಮ್ ಡ್ರೆಸಿಂಗ್ ಸಿಕ್ಕರೆ ಕೆಲವು ದಿನಕ್ಕೊಮ್ಮೆ ಬದಲಿಸಿದರೆ ಸಾಕು, ಮಲ ತಾಗಿದರೆ ಕೂಡಲೇ. ಡೈಪರನ್ನು ಮೂರು ನಾಲ್ಕು ಗಂಟೆಗೊಮ್ಮೆ ಬದಲಿಸಿ, ಸುತ್ತ ಝಿಂಕ್ ಕ್ರೀಮ್ ತೆಳುವಾಗಿ ಹಚ್ಚಿ.

ಯಾವ ಡ್ರೆಸಿಂಗ್ ಆದರೂ, ಅದರ ಮೇಲೆಯೇ ಮಲಗಿಸಿದರೆ ಮಾಯುವುದಿಲ್ಲ. ಕುರ್ಚಿಯಲ್ಲಿ ಕೂರಿಸಿದಾಗಲೂ ಒಂದು ಗಂಟೆ ಮೀರಿಸಬೇಡಿ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮೂರು ನಾಲ್ಕು ಇಂಚಿನ ಫೋಮ್ ದಿಂಬು ಹಾಕಿ. ಗಾಯದ ಅಂಚಿನಲ್ಲಿ ಎಳೆಯ ಗುಲಾಬಿ ಬಣ್ಣದ ಚರ್ಮ ಒಳಮುಖವಾಗಿ ಬರುತ್ತಿದ್ದರೆ ಸರಿಯಾದ ದಾರಿ. ಎರಡು ವಾರದಲ್ಲಿ ಅಳತೆ ಸ್ವಲ್ಪವೂ ಕುಗ್ಗದಿದ್ದರೆ ಮತ್ತೆ ತೋರಿಸಿ. ಜ್ವರ, ಚಳಿ, ಹಠಾತ್ ಗೊಂದಲದ ಮಾತು, ಕೊಳೆತ ನಾತ, ಅಂಚಿನಿಂದಾಚೆಗೆ ಹರಡುವ ಬಿಸಿ ಊತ, ತಳದಲ್ಲಿ ಬಿಳಿ ಎಲುಬು ಕಾಣುವುದು, ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ, ಆ ರಾತ್ರಿಯೇ ಆಸ್ಪತ್ರೆಗೆ ಕರೆತನ್ನಿ. ಬರುವಾಗ ಗಾಡಿಯಲ್ಲಿ ಅಂಗಾತ ಮಲಗಿಸದೆ ಬೆನ್ನಿಗೆ ದಿಂಬು ಕೊಟ್ಟು ಓರೆಯಾಗಿ ಮಲಗಿಸಿ.